ಹಳೆಯ ನಕ್ಷೆಗಳಲ್ಲಿ ಬೀದರ್, ಭಾಲ್ಕಿ, ಔರಾದ

ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಬೀದರ್ ನಗರ 56 ಜಿ ಗುಂಪಿನಲ್ಲಿದೆ. ಭಾಲ್ಕಿ ಮತ್ತು ಔರಾದ 56 ಎಫ್ ಗುಂಪಿಗೆ ಸೇರುತ್ತವೆ. ಈ ಎರಡು ಗುಂಪುಗಳ ನಡುವಿನ ಗೆರೆ 18 ಡಿಗ್ರಿ ಉತ್ತರ ಅಕ್ಷಾಂಶ. ಒಂದೊಂದು ಹಾಳೆಯಲ್ಲಿ ಸುಮಾರು 27 ಕಿ.ಮೀ. ಉದ್ದಗಲದ ನೆಲ ಅಡಗಿರುತ್ತದೆ. ಆದ್ದರಿಂದ ಬೀದರಿನಿಂದ ಔರಾದದವರೆಗಿನ ಸೀಮೆಯನ್ನು ನೋಡಬೇಕಾದರೆ ಹಲವು ಹಾಳೆಗಳನ್ನು ಅಂಚಿಗೆ ಅಂಚು ಜೋಡಿಸಿ ಹಾಸಿಕೊಳ್ಳಬೇಕು. ಬೀದರಿನ ಬಗ್ಗೆ ಬಂದಿರುವ ಬರವಣಿಗೆಯ ಬಹುಪಾಲು ಬಹಮನಿ ಮತ್ತು ಬರೀದಶಾಹಿ ಅರಸರು, ಅವರ ಕೋಟೆ, ಗುಮ್ಮಟ, ಮದರಸಾಗಳ ಕುರಿತದ್ದು. ಗುಲಾಂ ಯಾಜ್ದಾನಿ 1947ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೂ ಮುಖ್ಯವಾಗಿ ಸ್ಮಾರಕಗಳ ಚರಿತ್ರೆಯೇ. ಹಳ್ಳಿಗಾಡಿನ ಜನ ನೀರನ್ನು ಎಲ್ಲಿ ಕಂಡುಕೊಂಡರು, ಗಾಡಿಗಳು ಯಾವ ದಾರಿ ಹಿಡಿದವು, ಯಾವ ಊರು ಹಾಳುಬಿತ್ತು ಎಂಬ ಪ್ರಶ್ನೆಗಳಿಗೆ ಹಳೆಯ ನಕ್ಷೆಗಳೇ ಹೆಚ್ಚು ಉತ್ತರ ಕೊಡುತ್ತವೆ.

ಭೂಮಾಪನದ ಚರಿತ್ರೆಯಲ್ಲೂ ಈ ಸೀಮೆಗೆ ದೊಡ್ಡ ಸ್ಥಾನವಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತ್ರಿಕೋನಮಿತಿ ಸರ್ವೆಯ ತ್ರಿಕೋನಗಳ ಸರಣಿ ಬೆಂಗಳೂರು, ಗುತ್ತಿಗಳನ್ನು ದಾಟಿ ನಿಜಾಮರ ಸೀಮೆಗೆ ಬಂದಾಗ, 1815ರಲ್ಲಿ ಬೀದರಿನ ಹತ್ತಿರ ಹೊಸದೊಂದು ಆಧಾರರೇಖೆಯನ್ನು ಅಳೆಯಲಾಯಿತು. ಮೈಲಿಗಟ್ಟಲೆ ಉದ್ದದ ಒಂದು ನೇರ ಗೆರೆಯನ್ನು ನೆಲದ ಮೇಲೆ ಎಷ್ಟು ಸಾಧ್ಯವೋ ಅಷ್ಟು ನಿಖರವಾಗಿ ಅಳೆದರೆ ಮುಂದಿನ ತ್ರಿಕೋನಗಳ ಬಾಹುಗಳನ್ನು ಕೋನಗಳಿಂದಲೇ ಲೆಕ್ಕ ಹಾಕಬಹುದಿತ್ತು. ಸಮೀಪದ ದಾಮರಗಿದ್ದ ಈ ಸರ್ವೆಯ ಪ್ರಧಾನ ಠಾಣೆಗಳಲ್ಲಿ ಒಂದಾಯಿತು. ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದ ಅಳತೆ 18 ಡಿಗ್ರಿ 3 ಮಿನಿಟಿನ ದಾಮರಗಿದ್ದದಿಂದ 24 ಡಿಗ್ರಿ 7 ಮಿನಿಟಿನ ಕಲ್ಯಾಣಪುರದವರೆಗಿನ ರೇಖಾಂಶ ಚಾಪದ್ದು. 1841ರಲ್ಲಿ ಆಂಡ್ರ್ಯೂ ವಾ ಬೀದರಿನ ಆಧಾರರೇಖೆಯನ್ನು ಇನ್ನೂ ಸೂಕ್ಷ್ಮ ಉಪಕರಣಗಳಿಂದ ಮರಳಿ ಅಳೆದರು. ಭಾರತದ ನಕ್ಷೆಗಳಿಗೆ ನೂರೈವತ್ತು ವರ್ಷಕ್ಕೂ ಮಿಕ್ಕಿ ಅಡಿಪಾಯವಾಗಿದ್ದ 'ಎವರೆಸ್ಟ್ ಗೋಳಾಭ' ಎಂಬ ಭೂಮಿಯ ಆಕಾರದ ಲೆಕ್ಕದಲ್ಲಿ ಬೀದರ್ ಸೀಮೆಯ ದಾಮರಗಿದ್ದದ ಪಾಲಿದೆ. ಇಂಥ ಸಂಗತಿ ಜಿಲ್ಲೆಯ ಶಾಲಾಮಕ್ಕಳಿಗೆ ಕೋಟೆಯಷ್ಟೇ ಪರಿಚಿತವಾಗಬೇಕಿತ್ತು.

ಹತ್ತೊಂಬತ್ತನೇ ಶತಮಾನದ 'ಅಟ್ಲಾಸ್ ಆಫ್ ಇಂಡಿಯಾ' ಹಾಳೆಗಳು ನಾಲ್ಕು ಮೈಲಿಗೆ ಒಂದಿಂಚಿನ ಪ್ರಮಾಣದವು. ಗುಡ್ಡಗಳನ್ನು ಅವು ಸಣ್ಣ ಗೀರುಗಳಿಂದ ಸೂಚಿಸುತ್ತಿದ್ದವು. 1905ರ ನಂತರ ಕೈಗೊಂಡ ಹೊಸ ಸರ್ವೆಯಿಂದ ಮೈಲಿಗೆ ಒಂದಿಂಚಿನ ಬಣ್ಣದ ಹಾಳೆಗಳು, ಅವುಗಳ ಜೊತೆಗೆ ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಬಂದವು. ಸ್ವಾತಂತ್ರ್ಯದ ನಂತರ ಮೆಟ್ರಿಕ್ ಪದ್ಧತಿ ಜಾರಿಯಾದಾಗ 1:50,000 ಪ್ರಮಾಣ, 20 ಮೀಟರ್ ಅಂತರದ ಸಮೋನ್ನತಿ ರೇಖೆಗಳು ರೂಢಿಗೆ ಬಂದವು. ಒಂದೇ ಜಾಗದ ಬೇರೆ ಬೇರೆ ಕಾಲದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗಲೇ ಚರಿತ್ರೆ ಕಾಣಿಸುತ್ತದೆ.

ಮೊದಲು ನೋಡಬೇಕಾದದ್ದು ನೆಲದ ಆಕಾರ. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ತುದಿಯಲ್ಲಿ. ಆ ಜಂಬಿಟ್ಟಿಗೆಯ ಕೆಳಗೆ ದಖ್ಖನಿನ ಕಪ್ಪು ಬಸಾಲ್ಟ್ ಕಲ್ಲು, ಇಳಿಜಾರಿನಾಚೆ ಮಾಂಜ್ರಾ ಕಣಿವೆಯ ಎರೆಭೂಮಿ. ನಕ್ಷೆಯಲ್ಲಿ ಪ್ರಸ್ಥಭೂಮಿಯ ಮೇಲೆ ವಿರಳವಾಗಿರುವ ಸಮೋನ್ನತಿ ರೇಖೆಗಳು ಅಂಚಿನಲ್ಲಿ ಒತ್ತೊತ್ತಾಗಿ ಕೂಡುತ್ತವೆ. ಹದಿನೈದನೇ ಶತಮಾನದಲ್ಲಿ ಬಹಮನಿ ಅರಸ ಅಹಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದು ಕೋಟೆ ಕಟ್ಟಿಸಿದ್ದಕ್ಕೆ ಒಂದು ಕಾರಣ ಈ ಒತ್ತು ರೇಖೆಗಳಲ್ಲೇ ಸಿಗುತ್ತದೆ: ಒಂದು ಕಡೆಯ ರಕ್ಷಣೆಯನ್ನು ನೆಲವೇ ವಹಿಸಿಕೊಂಡಿತ್ತು. ಬಹಮನಿ ಅರಸರ ಗೋರಿಗಳಿರುವ ಅಷ್ಟೂರು ಇದೇ ಇಳಿಜಾರಿನ ಕೆಳಗಿದೆ.

ನೀರಿನ ಕಥೆಯೂ ಈ ಅಂಚಿಗೇ ಅಂಟಿಕೊಂಡಿದೆ. ಮಳೆನೀರು ರಂಧ್ರಮಯವಾದ ಜಂಬಿಟ್ಟಿಗೆಯಲ್ಲಿ ಇಳಿದು, ಕೆಳಗಿನ ಗಟ್ಟಿ ಕಲ್ಲು ತಡೆದಾಗ ಪಕ್ಕಕ್ಕೆ ಹರಿದು ಝರಿಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿ, ಪಾಪನಾಶ ಮುಂತಾದ ಕ್ಷೇತ್ರಗಳು ಬೆಳೆದದ್ದು ಇಂಥ ನೀರಿನ ಆಸರೆಯಲ್ಲಿ. ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಇದೇ ನೀರನ್ನು ಹಿಡಿಯಲು ಬಹಮನಿ ಕಾಲದಲ್ಲಿ ತೋಡಿದ ನೆಲದಡಿಯ ಕಾಲುವೆ. ಮೇಲಿನಿಂದ ಗಾಳಿ ಬೆಳಕು ಬಿಡುವ 20ಕ್ಕೂ ಹೆಚ್ಚು ಬಾವಿಬಾಯಿಗಳು ಒಂದೇ ಸಾಲಿನಲ್ಲಿವೆ. ಹತ್ತು ಅಡಿ ಅಗಲದ ಬಾಯಿ ಮೈಲಿಗೆ ಒಂದಿಂಚಿನ ಹಾಳೆಯಲ್ಲಿ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಕರೇಜನ್ನು ಅಂಥ ಹಾಳೆಯಲ್ಲಿ ನೇರವಾಗಿ ಹುಡುಕಿದರೆ ಪ್ರಯೋಜನವಿಲ್ಲ. ಇಳಿಜಾರು, ಹಳ್ಳದ ತಲೆ, ಬಾವಿಗಳ ಸಾಲು ಇವನ್ನು ಗುರುತಿಸಿಕೊಂಡು, ಆಮೇಲೆ ನೆಲದ ಮೇಲೆ ನಡೆದು ನೋಡಬೇಕು.

ದಾರಿಗಳ ಓದು ಇದಕ್ಕಿಂತ ಸುಲಭ. ನಕ್ಷೆ ಟಾರು ರಸ್ತೆ, ಗಾಡಿದಾರಿ, ಕಾಲುದಾರಿಗಳಿಗೆ ಬೇರೆ ಬೇರೆ ಗೆರೆಗಳನ್ನು ಬಳಸುತ್ತದೆ; ಹಲವೆಡೆ ಸಂತೆಯ ವಾರವನ್ನೂ ಹೇಳುತ್ತದೆ. ಗಾಡಿದಾರಿಗಳು ಎಲ್ಲಿಗೆ ಹೋಗಿ ಕೂಡುತ್ತವೆಯೋ ಅದು ಆ ಭಾಗದ ಹಳೆಯ ಪೇಟೆ ಎಂದು ಊಹಿಸಬಹುದು. ಔರಾದ ಸೀಮೆ ಮಾಂಜ್ರಾ ನದಿಯ ಉತ್ತರಕ್ಕಿರುವುದರಿಂದ ಗಾಡಿಗಳು ಹೊಳೆ ದಾಟುತ್ತಿದ್ದ ಜಾಗಗಳಿಗೆ ವಿಶೇಷ ಮಹತ್ವವಿತ್ತು. ಮಳೆಗಾಲದಲ್ಲಿ ಅವು ಮುಚ್ಚಿದರೆ ಊರುಗಳ ನಂಟೇ ಕಡಿಯುತ್ತಿತ್ತು. ನಿಜಾಮ ಸರ್ಕಾರದ ರೈಲ್ವೆ ವಿಕಾರಾಬಾದಿನಿಂದ ಬೀದರಿಗೆ, ಅಲ್ಲಿಂದ ಹಲಬರ್ಗಾ, ಭಾಲ್ಕಿ, ಕಮಲನಗರಗಳ ಮೂಲಕ ಉದಗೀರ್ ಮತ್ತು ಪರಳಿಯತ್ತ ಹಳಿ ಹಾಕಿದ ಮೇಲೆ ಸರಕು ನಿಲ್ದಾಣಗಳತ್ತ ತಿರುಗಿತು. ಬೀದರ್–ಕಲಬುರಗಿ ಹಳಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅದು ಇತ್ತೀಚಿನ ಹಾಳೆಗಳಲ್ಲಷ್ಟೇ ಇರಲು ಸಾಧ್ಯ.

ಹಳೆಯ ಹಾಳೆಗಳಲ್ಲಿ ಹಾಳುಬಿದ್ದ ಊರುಗಳಿಗೂ ಗುರುತುಂಟು. ಕಂದಾಯ ದಾಖಲೆಗಳಲ್ಲಿ ಇಂಥವನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ: ಹೊಲಗಳಿಗೆ ಸರ್ವೆ ನಂಬರ್ ಇದೆ, ಊರಿನ ಹೆಸರಿದೆ, ವಾಸದ ಮನೆ ಮಾತ್ರ ಇಲ್ಲ. ನಕ್ಷೆಯ ಗುರುತು ಹಿಡಿದು ಹೋದರೆ ಮಡಕೆಚೂರು, ಹಾಳುಬಾವಿ, ಒಂಟಿ ಹನುಮಂತನ ಗುಡಿ ಸಿಗುವ ಸಂಭವ ಹೆಚ್ಚು. ಊರು ಬರದಿಂದ ಎದ್ದುಹೋಯಿತೋ, ಪ್ಲೇಗಿನಿಂದಲೋ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಅದಕ್ಕೆ ಪಕ್ಕದ ಊರಿನ ಹಿರಿಯರನ್ನೇ ಕೇಳಬೇಕು.

1956ಕ್ಕಿಂತ ಹಿಂದಿನ ಹಾಳೆಗಳಲ್ಲಿ ಇಂದಿನ ರಾಜ್ಯಗಡಿಗಳಿಲ್ಲ. ಆಗ ಉದಗೀರ್, ನಿಲಂಗಾ, ಅಹಮದಪುರ, ಜಹೀರಾಬಾದ್, ನಾರಾಯಣಖೇಡಗಳೆಲ್ಲ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಔರಾದ ತಾಲ್ಲೂಕಿಗೆ ಸಂತಪುರ ಎಂಬ ಹೆಸರಿತ್ತು. 1956ರ ನವೆಂಬರ್ 1ರ ಪುನರ್ವಿಂಗಡಣೆಯಲ್ಲಿ ಮೊದಲ ಮೂರು ಮರಾಠಿ ಸೀಮೆಗೂ ಕೊನೆಯ ಎರಡರ ಬಹುಭಾಗ ಆಂಧ್ರಕ್ಕೂ ಹೋದವು. ಗಡಿ ಬಿದ್ದರೂ ಸಂತೆ, ಬೀಗತನ, ಜಾತ್ರೆಗಳ ದಾರಿಗಳು ಅದರಾಚೆಗೂ ನಡೆದೇ ಇದ್ದವು ಎಂಬುದನ್ನು ಆ ಹಾಳೆಗಳಲ್ಲಿ ಒಂದೇ ನೆಲವಾಗಿ ಕಾಣುವ ದಾರಿಜಾಲ ನೆನಪಿಸುತ್ತದೆ.

ಕಾರಂಜಾ ಜಲಾಶಯದ ಸುತ್ತ ಬದಲಾವಣೆ ಎಲ್ಲಕ್ಕಿಂತ ಸ್ಪಷ್ಟ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಮಾಂಜ್ರಾದ ಉಪನದಿಗೆ ಕಟ್ಟಿದ ಈ ಅಣೆಕಟ್ಟು 7.69 ಟಿಎಂಸಿ ನೀರು ಹಿಡಿಯುತ್ತದೆ. ಅಣೆಕಟ್ಟಿಗೆ ಮೊದಲಿನ ಹಾಳೆಯಲ್ಲಿ ಅಲ್ಲಿರುವುದು ನದಿ, ದಂಡೆಯ ಹೊಲ, ಊರುಗಳು, ಅವುಗಳ ನಡುವಿನ ಗಾಡಿದಾರಿ. ನಂತರದ ಹಾಳೆಯಲ್ಲಿ ಅಲ್ಲೆಲ್ಲ ನೀಲಿ ನೀರು. ಹೊಸ ನೀರಂಚನ್ನು ತೆಳು ಕಾಗದದ ಮೇಲೆ ಎತ್ತಿಕೊಂಡು ಹಳೆಯ ಹಾಳೆಯ ಮೇಲಿಟ್ಟರೆ ಯಾವ ದಾರಿ ಎಲ್ಲಿ ಕಡಿಯಿತು, ಯಾವ ಊರಿನ ಫಲವತ್ತಾದ ನೆಲ ಹೋಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಪರಿಹಾರಕ್ಕಾಗಿ ದೀರ್ಘಕಾಲ ಹೋರಾಡಿದ ಮುಳುಗಡೆ ಸಂತ್ರಸ್ತರ ಕುಟುಂಬಗಳಿಗೆ ಅಂಥ ಹಾಳೆ ತಮ್ಮ ಊರಿನ ಚಿತ್ರವೇ ಸರಿ.

ಈ ನಕ್ಷೆಗಳಿಗೆ ಮಿತಿಗಳೂ ಇವೆ. ಭೂಮಿ ಯಾರದ್ದು, ಜಾಗೀರಿನದೋ ಪಾಯಿಗಾ ಎಂಬ ನಿಜಾಮರ ಸರದಾರ ಮನೆತನದ್ದೋ ಎಂಬುದನ್ನು ಅವು ತೋರಿಸುವುದಿಲ್ಲ. ಒಡೆತನಕ್ಕೆ ಗ್ರಾಮನಕ್ಷೆ ಮತ್ತು ಪಹಣಿಗಳನ್ನೇ ನೋಡಬೇಕು. ಇಂಗ್ಲಿಷ್ ಕಾಗುಣಿತದಲ್ಲಿ ಬರೆದ ಊರಿನ ಹೆಸರುಗಳನ್ನು ಸ್ಥಳೀಯರ ಬಾಯಲ್ಲಿ ಕೇಳಿ ತಿದ್ದಿಕೊಳ್ಳಬೇಕು. ಎವರೆಸ್ಟ್ ಗೋಳಾಭದ ಮೇಲೆ ರಚಿಸಿದ ಹಾಳೆಯ ಅಕ್ಷಾಂಶ, ರೇಖಾಂಶಗಳನ್ನು ಮೊಬೈಲಿನ ಜಿಪಿಎಸ್‌ಗೆ ಹಾಗೇ ಕೊಟ್ಟರೆ ಜಾಗ ನೂರಾರು ಅಡಿ ಆಚೀಚೆಯಾಗುತ್ತದೆ. ಇಂದಿನ ಲೆಕ್ಕಕ್ಕೆ ಪರಿವರ್ತಿಸಿಕೊಂಡೇ ಬಳಸಬೇಕು. ಇನ್ನು ನಕ್ಷೆಗಳನ್ನು ಪಡೆಯುವ ವಿಷಯಕ್ಕೆ ಬಂದರೆ, 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ನಾಗರಿಕ ಬಳಕೆಗೆಂದೇ ಪ್ರತ್ಯೇಕ ಸರಣಿ ಬಂದಿದೆ; 2021ರ ಮಾರ್ಗಸೂಚಿಗಳು ನಕ್ಷೆಗಳ ಬಳಕೆಯ ಮೇಲಿನ ನಿರ್ಬಂಧಗಳನ್ನು ಇನ್ನಷ್ಟು ಸಡಿಲಿಸಿವೆ. 1950ರ ದಶಕದಲ್ಲಿ ಅಮೆರಿಕದ ಸೇನಾ ನಕ್ಷಾ ವಿಭಾಗ ಭಾರತದ ಬಗ್ಗೆ ಪ್ರಕಟಿಸತೊಡಗಿದ 1:2,50,000 ಪ್ರಮಾಣದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ.