ವಿದ್ಯಾರ್ಥಿವೇತನವೂ ಪೂರ್ವಸಿದ್ಧತೆಯೂ

ಗುಬ್ಬಿ ತಾಲ್ಲೂಕಿನ ಕಡಬವನ್ನು ಒಮ್ಮೆ ಕಂಡವರು ಅಲ್ಲಿಯ ಹಿರಿಯ ಕೆರೆಯನ್ನು ಮರೆಯಲಾರರು. ದೇವರಾಯನದುರ್ಗದ ಬಳಿ ಹುಟ್ಟುವ ಶಿಂಷಾ ನದಿಯ ನೀರು ಈ ಕೆರೆಯನ್ನು ತುಂಬುತ್ತದೆ. ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನು ಇಲ್ಲಿ ಬೀಡುಬಿಟ್ಟಿದ್ದನೆಂದೂ ಸೀತಾದೇವಿಯ ಕೋರಿಕೆಯಂತೆ ಈ ಕೆರೆಯನ್ನು ಕಟ್ಟಿಸಿದನೆಂದೂ ಊರಿನ ಹಿರಿಯರು ಹೇಳುವರು. ಇದು ಐತಿಹ್ಯದ ಮಾತಾಯಿತು. ಚರಿತ್ರೆಯನ್ನು ಓದಿದವರಿಗೆ ಕಡಬದ ಹೆಸರು ಇನ್ನೊಂದು ಕಾರಣದಿಂದ ಪರಿಚಿತವಾಗಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ತಾಮ್ರಶಾಸನವೊಂದು ಈ ಊರಿನಲ್ಲಿ ದೊರೆತಿದೆ. ಅದರ ಕಾಲ ಶಕವರ್ಷ 735, ಎಂದರೆ ಒಂಬತ್ತನೆಯ ಶತಮಾನದ ಆದಿಭಾಗ.

ಆ ಶಾಸನದ ಕಥೆ ಹೀಗಿದೆ. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಸೀಮೆಯನ್ನು, ವಿಮಲಾದಿತ್ಯನೆಂಬ ಚಾಲುಕ್ಯ ರಾಜಕುಮಾರನು ಆಳುತ್ತಿದ್ದನು. ಅವನಿಗೆ ಶನಿಯ ಪೀಡೆಯುಂಟಾಯಿತು. ಅರ್ಕಕೀರ್ತಿಯೆಂಬ ಜೈನ ಮುನಿಯು ಅದನ್ನು ಪರಿಹರಿಸಿದನು. ಆಗ ಗಂಗಮಂಡಲದ ಅಧಿಪತಿಯಾಗಿದ್ದ ಚಾಕಿರಾಜನು ಚಕ್ರವರ್ತಿಯಲ್ಲಿ ವಿಜ್ಞಾಪನೆ ಮಾಡಿಕೊಂಡನು. ಅದರ ಫಲವಾಗಿ ಮಾನ್ಯಪುರದ ಬಳಿಯ ಜಿನಾಲಯಕ್ಕಾಗಿ ಜಾಲಮಂಗಲವೆಂಬ ಗ್ರಾಮವು ಅರ್ಕಕೀರ್ತಿಗೆ ದತ್ತವಾಯಿತು. ದಾನವನ್ನು ಹೇಳುವುದಕ್ಕೆ ಮುನ್ನ ಶಾಸನವು ಆ ಮುನಿಯ ಗುರುಪರಂಪರೆಯನ್ನು ಹೆಸರಿಟ್ಟು ಹೇಳುತ್ತದೆ.

ಕಾಲೇಜು ವಿದ್ಯಾರ್ಥಿಗಳ ವಿಷಯವಾಗಿ ಮಾತನಾಡಹೊರಟವರು ಈ ಹಳೆಯ ತಗಡುಗಳನ್ನೇಕೆ ತೆಗೆದರೆಂದು ಕೇಳುವವರು ಕೇಳಬಹುದು. ಧರ್ಮದತ್ತಿಗೂ ಇಂದಿನ ವಿದ್ಯಾರ್ಥಿವೇತನಕ್ಕೂ ಬಹಳ ಅಂತರವಿದೆಯೆಂಬುದನ್ನು ನಾವು ಬಲ್ಲೆವು. ಆದರೂ ಈ ಶಾಸನದಲ್ಲಿ ಮೂರು ಅಂಶಗಳು ಎದ್ದು ಕಾಣುತ್ತವೆ: ಪಡೆಯುವವನು ಯಾರಲ್ಲಿ ಕಲಿತನು, ಏನನ್ನು ಸಾಧಿಸಿದನು, ಮತ್ತು ಅವನನ್ನು ಬಲ್ಲವರೊಬ್ಬರು ಅವನ ಪರವಾಗಿ ನುಡಿದರೇ ಎಂಬುವು. ಇಂದು ಯಾವ ದೊಡ್ಡ ವಿದ್ಯಾರ್ಥಿವೇತನದ ಅರ್ಜಿಯನ್ನು ಬಿಡಿಸಿ ನೋಡಿದರೂ ಕೇಳುವುದು ಈ ಮೂರನ್ನೇ. ಈ ಮೂರರಲ್ಲಿ ಒಂದನ್ನಾದರೂ ಅರ್ಜಿ ಬರೆಯುವ ವಾರದಲ್ಲಿ ಸಂಪಾದಿಸಲಾಗದು. ಸ್ಪರ್ಧೆಯು ಕೊನೆಯ ವರ್ಷದಲ್ಲಿ ನಡೆಯುವಂತೆ ತೋರುತ್ತದೆ. ಯಥಾರ್ಥವಾಗಿ ಅದು ಮೊದಲ ವರ್ಷದಲ್ಲಿಯೇ ಆರಂಭವಾಗಿರುತ್ತದೆ. ಇದೇ ಇಂದು ನಾವು ಹೇಳಬೇಕೆಂದಿರುವ ಮಾತು.

ಹಿಂದಿನ ಕಾಲದಲ್ಲಿ ಬಡ ಹುಡುಗನಿಗೆ ದೊರೆಯುತ್ತಿದ್ದ ಮೊದಲ ವಿದ್ಯಾರ್ಥಿವೇತನವು ಹಣವಲ್ಲ, ಅನ್ನ. ದಿನಕ್ಕೊಂದು ಮನೆಯಂತೆ ವಾರಾನ್ನದಲ್ಲಿ ಉಂಡು, ಯಾರದೋ ಜಗಲಿಯಲ್ಲಿ ಮಲಗಿ ಓದಿದವರು ನಮ್ಮ ನಾಡಿನಲ್ಲಿ ಅಸಂಖ್ಯಾತರು. ತುಮಕೂರಿನ ಸಿದ್ಧಗಂಗಾ ಮಠವು ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸಿ ಈ ಧರ್ಮವನ್ನು ವಿಸ್ತಾರವಾಗಿ ನಡೆಸಿಕೊಂಡು ಬಂದಿದೆ. ಹಸಿದ ಹೊಟ್ಟೆಗೆ ದೂರದ ಸ್ಪರ್ಧೆಯ ಯೋಚನೆ ಬರುವುದಿಲ್ಲ. ಪೂರ್ವಸಿದ್ಧತೆಯ ಮಾತನ್ನಾಡುವವರು ಈ ಸಂಗತಿಯನ್ನು ಮರೆಯಬಾರದು.

ಸಂಸ್ಥಾನದ ಕಾಲದ ಅತ್ಯುತ್ತಮ ನಿದರ್ಶನವೆಂದರೆ ವಿಶ್ವೇಶ್ವರಯ್ಯನವರು. ಮುದ್ದೇನಹಳ್ಳಿಯ ಈ ಬಾಲಕನು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಬೆಂಗಳೂರಿಗೆ ಬಂದು ಸೋದರಮಾವನ ಆಸರೆಯಲ್ಲಿ ಸೆಂಟ್ರಲ್ ಕಾಲೇಜನ್ನು ಸೇರಿದನು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತನ್ನ ವೆಚ್ಚವನ್ನು ತಾನೇ ತೂಗಿಸಿಕೊಂಡನು. ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವರು ಈ ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲವರಾಗಿದ್ದರು. 1881ರಲ್ಲಿ ಬಿ.ಎ. ಪದವಿಯು ಬಂದಿತು. ಮೈಸೂರು ಸಂಸ್ಥಾನವು ಮರಳಿ ಒಡೆಯರ ಕೈಸೇರಿ ರಂಗಾಚಾರ್ಲು ಅವರು ದಿವಾನರಾದುದೂ ಅದೇ ವರ್ಷ. ಸಂಸ್ಥಾನದ ವಿದ್ಯಾರ್ಥಿವೇತನವನ್ನು ಪಡೆದು ತರುಣನು ಪುಣೆಯ ವಿಜ್ಞಾನ ಕಾಲೇಜಿಗೆ ಇಂಜಿನಿಯರಿಂಗ್ ಕಲಿಯಲು ಹೋದನು. 1883ರ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದನು. ಮರುವರ್ಷ ಮುಂಬಯಿ ಸರ್ಕಾರದ ಕೆಲಸವೂ ದೊರೆಯಿತು.

ಸಂಸ್ಥಾನದ ಬಾಗಿಲು ತೆರೆದುದನ್ನು ಅದೃಷ್ಟವೆಂದು ಕರೆಯಬಹುದು. ಆದರೆ ಅದು ತೆರೆದ ಹೊತ್ತಿಗೆ ಹೊಸ್ತಿಲಲ್ಲಿ ನಿಂತಿದ್ದವನು ಅಲ್ಲಿಗೆ ನಡೆದುಬರಲು ಹಲವು ವರ್ಷಗಳನ್ನು ತೆಗೆದುಕೊಂಡಿದ್ದನು. ಪಾಠ ಹೇಳಿದುದು ಹೊಟ್ಟೆಪಾಡಿಗಾದರೂ ಕಲಿತುದನ್ನು ಗಟ್ಟಿಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಎಲ್ಲರೂ ಒಂದೇ ಮೆಟ್ಟಿಲಿನಿಂದ ಹೊರಡುವುದಿಲ್ಲವೆಂಬುದನ್ನು ಸಂಸ್ಥಾನಗಳೂ ಕ್ರಮೇಣ ಮನಗಂಡವು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಮೈಸೂರಿನಲ್ಲಿ 1916ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಹಿಂದುಳಿದ ಸಮುದಾಯಗಳಿಗೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಪ್ರೋತ್ಸಾಹವನ್ನು ಕೊಡುವ ಬಗೆಯನ್ನು ವಿಚಾರಿಸಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ನೇಮಕವಾಯಿತು. ಯೋಗ್ಯತೆಯನ್ನು ಅಳೆಯುವುದಕ್ಕೆ ಮೊದಲು ಯೋಗ್ಯತೆಯು ಬೆಳೆಯಲು ಎಡೆಮಾಡಿಕೊಡಬೇಕೆಂಬ ವಿವೇಕವು ಇಂತಹ ಕ್ರಮಗಳ ಹಿಂದೆ ಇದ್ದಿತು.

ಸ್ತ್ರೀಯರ ಮುಂದೆ ಇದ್ದ ಬಾಗಿಲುಗಳು ಇನ್ನೂ ಕಡಿಮೆ. ಆದರೂ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೋದಿದ ರಾಜೇಶ್ವರಿ ಚಟರ್ಜಿಯವರು ಸರ್ಕಾರದ ವಿದ್ಯಾರ್ಥಿವೇತನವನ್ನು ಗಳಿಸಿ 1947ರಲ್ಲಿ ಅಮೆರಿಕದ ಮಿಚಿಗನ್ನಿಗೆ ಹೋದರು. ಹಿಂದಿರುಗಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸೀಮೆಯ ಮೊದಲ ಸ್ತ್ರೀ ಪದವೀಧರರಲ್ಲಿ ಒಬ್ಬರು. ಮೊಮ್ಮಗಳ ಸಿದ್ಧತೆಯು ಅಜ್ಜಿಯ ಕಾಲದಲ್ಲಿಯೇ ಮೊದಲಾಗಿತ್ತೆಂದರೆ ತಪ್ಪಾಗಲಾರದು. ಕಡಬಕ್ಕೆ ದೂರವಲ್ಲದ ತಿಪಟೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣನವರು 1945ರಲ್ಲಿ ಟಾಟಾ ವಿದ್ಯಾರ್ಥಿವೇತನವನ್ನು ಪಡೆದು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿ 1948ರಲ್ಲಿ ಡಾಕ್ಟರೇಟನ್ನು ಸಂಪಾದಿಸಿದರು. ಪದಾರ್ಥ ವಿಜ್ಞಾನದೊಡನೆ ಪಾಶ್ಚಾತ್ಯ ಸಂಗೀತವನ್ನೂ ಅವರು ಶ್ರದ್ಧೆಯಿಂದ ಕಲಿತಿದ್ದರು.

ಮೊದಲಿನಿಂದಲೇ ಲೆಕ್ಕ ಹಾಕಿ ಸಿದ್ಧರಾದವರ ಮಾತು ಬಂದರೆ ಗಿರೀಶ ಕಾರ್ನಾಡರನ್ನು ನೆನೆಯಬೇಕು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅವರು ಸಾಹಿತ್ಯವನ್ನು ಬಿಟ್ಟು ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಆರಿಸಿಕೊಂಡರು. ಗಣಿತದಲ್ಲಿ ಹೆಚ್ಚು ಅಂಕಗಳು ಬರುತ್ತವೆ, ಅಂಕಗಳಿಂದ ಮೊದಲ ದರ್ಜೆ ದೊರೆಯುತ್ತದೆ, ಅದರಿಂದ ವಿದೇಶಕ್ಕೆ ಹೋಗುವ ವಿದ್ಯಾರ್ಥಿವೇತನವು ಸಾಧ್ಯವಾಗುತ್ತದೆ ಎಂಬುದು ಅವರ ಲೆಕ್ಕ. ಇದನ್ನು ಅವರು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಲೆಕ್ಕ ತಪ್ಪಲಿಲ್ಲ. 1958ರಲ್ಲಿ ಪದವಿ, 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದೊಡನೆ ಆಕ್ಸ್‌ಫರ್ಡ್.

ರೋಡ್ಸ್ ವಿದ್ಯಾರ್ಥಿವೇತನವು ಅಂಕಗಳನ್ನು ಮಾತ್ರ ನೋಡುವುದಲ್ಲ. ಅದನ್ನು ಸ್ಥಾಪಿಸಿದವನ ಮರಣಶಾಸನವು ವಿದ್ಯೆಯೊಡನೆ ಆಟಪಾಟ, ಶೀಲ, ನಾಯಕತ್ವಗಳನ್ನೂ ಬೇಡಿತು. ಹಾಗೆ ಬೇಡಿದ ಅದೇ ಶಾಸನದ ಷರತ್ತಿನಿಂದಾಗಿ 1977ರವರೆಗೆ ಸ್ತ್ರೀಯರಿಗೆ ಅದು ದೊರೆಯಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕಾರ್ನಾಡರ ವಿಷಯದಲ್ಲಿ ನಮಗೆ ಹೆಚ್ಚಿನದೆಂದು ತೋರುವುದು ಬೇರೊಂದು ಸಂಗತಿ. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ತರುಣನು ಇಂಗ್ಲೆಂಡಿಗೆ ಹೊರಡುವ ಹೊತ್ತಿನಲ್ಲಿ ಬರೆದುದು ಕನ್ನಡ ನಾಟಕವನ್ನು! 'ಯಯಾತಿ'ಯು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಅಂಕಗಳಿಗಾಗಿ ಕಲಿತ ಗಣಿತವು ನಾಟಕದ ಕಟ್ಟಡವನ್ನು ಅರಿಯಲು ತಮಗೆ ನೆರವಾಯಿತೆಂದು ಅವರು ಮುಂದೆ ಹೇಳಿದರು. ವಿದ್ಯಾರ್ಥಿವೇತನವು ಮೂರು ವರ್ಷಗಳಿಗೆ ಮುಗಿಯಿತು. ಅದಕ್ಕಾಗಿ ಮಾಡಿದ ಸಿದ್ಧತೆಯು ಬಾಳಿನುದ್ದಕ್ಕೂ ಉಳಿಯಿತು.

ಇಲ್ಲಿ ನಮ್ಮ ಸ್ವಂತ ಅನುಭವವೊಂದನ್ನು ಹೇಳಿದರೆ ಕೇಳುಗರು ಮನ್ನಿಸಬೇಕು. ಹಳ್ಳಿಯಿಂದ ಬಂದು ಪಟ್ಟಣದ ಕಾಲೇಜೊಂದರಲ್ಲಿ ಓದುತ್ತಿದ್ದಾಗ ಒಳ್ಳೆಯ ವಿದ್ಯಾರ್ಥಿವೇತನವೊಂದರ ಸುದ್ದಿಯು ನಮ್ಮ ಕಿವಿಗೆ ಬಿದ್ದುದು ಕೊನೆಯ ವರ್ಷದಲ್ಲಿ, ಅರ್ಜಿಯ ಗಡುವಿಗೆ ನಾಲ್ಕು ದಿನಗಳಿರುವಾಗ. ಅಂಕಗಳೇನೋ ಸಾಕಷ್ಟಿದ್ದುವು. ಅಧ್ಯಾಪಕರೊಬ್ಬರ ಶಿಫಾರಸು ಪತ್ರವು ಬೇಕಾಗಿತ್ತು. ಎರಡು ವರ್ಷ ಯಾರ ಪಾಠವನ್ನು ಕೇಳಿದ್ದೆವೋ ಅವರ ಕೊಠಡಿಗೆ ಹೋಗಿ ನಿಂತೆವು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, "ನಿನ್ನ ಹೆಸರೇನಪ್ಪ?" ಎಂದು ಕೇಳಿದರು. ಪತ್ರವನ್ನು ಕೊಟ್ಟರು, ಇಲ್ಲವೆನ್ನಲಿಲ್ಲ. ಆದರೆ ಆ ಪತ್ರವು ಯಾರಿಗೆ ಬೇಕಾದರೂ ಹೊಂದುವಂತಹುದು. ವಿದ್ಯಾರ್ಥಿವೇತನವು ನಮಗೆ ಬರಲಿಲ್ಲ. ಬಹುಕಾಲ ಆ ಮಹನೀಯರ ಮೇಲೆ ನಮಗೆ ಕೋಪವಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತು, ಒಂದು ದಿನವಾದರೂ ಎದ್ದು ಒಂದು ಪ್ರಶ್ನೆಯನ್ನು ಕೇಳದವರು ನಾವೇ ಎಂಬುದು ಹೊಳೆಯಲು ವರ್ಷಗಳೇ ಹಿಡಿದುವು. ಹಳ್ಳಿಯ ಹುಡುಗನ ಸಂಕೋಚವನ್ನು ನಾವು ವಿನಯವೆಂದು ತಿಳಿದಿದ್ದೆವು.

ಆದುದರಿಂದ ಕಾಲೇಜಿಗೆ ಈಗತಾನೆ ಕಾಲಿಟ್ಟವರಿಗೆ ನಮ್ಮ ಸೂಚನೆಗಳು ಕೆಲವೇ. ಮೊದಲ ವರ್ಷದಲ್ಲಿಯೇ ಇಬ್ಬರು ಮೂವರು ಅಧ್ಯಾಪಕರಿಗೆ ನಿಮ್ಮ ಹೆಸರು ಮಾತ್ರವಲ್ಲ, ನಿಮ್ಮ ಸಂದೇಹಗಳೂ ತಿಳಿದಿರಲಿ. ಯಾವ ವಿದ್ಯಾರ್ಥಿವೇತನಕ್ಕೆ ಯಾವ ವಯಸ್ಸು, ಯಾವ ತಿಂಗಳು, ಯಾವ ನಿಬಂಧನೆ ಎಂಬುದನ್ನು ಆಗಲೇ ಒಂದು ಪುಸ್ತಕದಲ್ಲಿ ಬರೆದಿಡಿರಿ. ಪಠ್ಯದ ಹೊರಗೆ ಒಂದು ಕೆಲಸವನ್ನು, ಅದು ಊರಿನ ಮಕ್ಕಳಿಗೆ ಪಾಠ ಹೇಳುವುದೇ ಆಗಲಿ, ಎಡೆಬಿಡದೆ ಮಾಡಿರಿ. ಹತ್ತು ಸಂಘಗಳ ಸದಸ್ಯತ್ವಕ್ಕಿಂತ ಅದು ಮೇಲು. ವಾರಕ್ಕೊಂದು ಪುಟವನ್ನಾದರೂ ಸ್ವಂತ ಮಾತಿನಲ್ಲಿ ಬರೆಯಿರಿ. ನಾನೇಕೆ ಓದುತ್ತೇನೆಂಬ ಪ್ರಶ್ನೆಗೆ ಒಂದು ರಾತ್ರಿಯಲ್ಲಿ ಉತ್ತರ ಬರೆಯುವುದು ಕಷ್ಟ.

ಅಧ್ಯಾಪಕರಲ್ಲಿಯೂ ಒಂದು ಬಿನ್ನಹ. ಇಂದು ಸುದ್ದಿಗೆ ಕೊರತೆಯಿಲ್ಲ. ಅಂಗೈಯಗಲದ ಯಂತ್ರದಲ್ಲಿ ಲೋಕದ ಪ್ರಕಟಣೆಗಳೆಲ್ಲವೂ ಬರುತ್ತವೆ. ಆದರೆ "ಇದು ನಿನಗಾಗಿ ಇದೆ, ನೀನು ಪ್ರಯತ್ನಿಸು" ಎಂದು ಹೇಳುವ ಹಿರಿಯರೊಬ್ಬರು ಇಲ್ಲದೆ ಹೋದರೆ ಹಳ್ಳಿಯ ವಿದ್ಯಾರ್ಥಿಯು ಅದನ್ನು ಬೇರೆಯವರ ಸುದ್ದಿಯೆಂದೇ ಓದಿ ಮುಂದೆ ಹೋಗುತ್ತಾನೆ. ಚಾಕಿರಾಜನಂತೆ ವಿಜ್ಞಾಪನೆ ಮಾಡಲು ಗಂಗಮಂಡಲದ ಒಡೆತನವೇ ಬೇಕೆಂದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತವನ ಹೆಸರನ್ನು ಕೇಳಿ ತಿಳಿದುಕೊಂಡರೆ ಅರ್ಧ ಕೆಲಸವಾದಂತೆ.

ಸ್ಪರ್ಧೆಯಲ್ಲಿ ಗೆಲ್ಲುವವರು ಕೆಲವರೇ. ಸಿದ್ಧರಾದವರೆಲ್ಲರಿಗೂ ಬಹುಮಾನ ಬಂದೇ ತೀರುವುದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಕೆರೆಯನ್ನು ಕಟ್ಟಿದ ಹಿರಿಯರು ಆ ವರ್ಷದ ಮಳೆಯನ್ನು ನಂಬಿ ಕಟ್ಟಲಿಲ್ಲ. ಏರಿಯು ಗಟ್ಟಿಯಾಗಿದ್ದರೆ ಈ ವರ್ಷವಲ್ಲದಿದ್ದರೆ ಮುಂದಿನ ವರ್ಷವಾದರೂ ನೀರು ನಿಲ್ಲುತ್ತದೆ. ಏರಿಯೇ ಇಲ್ಲದಿದ್ದರೆ ಎಂತಹ ಮಳೆ ಬಂದರೂ ಶಿಂಷೆಯ ನೀರು ಹರಿದುಹೋಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿಯನ್ನು ತೋಡಿದವರ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನಮ್ಮ ಮಕ್ಕಳು ಕಡಬದ ಕೆರೆಯನ್ನು ಕಟ್ಟಿದವರ ಪಂಕ್ತಿಗೆ ಸೇರಲಿ.