ಉರ್ನೆಸ್ ಗ್ರಾಮದ ಮರದ ಇಗರ್ಜಿ: ಒಂದು ಕಾಲವಿಚಾರ

ನಾರ್ವೆ ದೇಶದ ಪಶ್ಚಿಮಭಾಗದಲ್ಲಿ, ಸೋಗ್ನ ಎಂಬ ಕಡಲ ಚಾಚಿನ ಒಳಗವಲೊಂದರ ಪೂರ್ವತೀರದಲ್ಲಿ ಉರ್ನೆಸ್ ಎಂಬ ಸಣ್ಣ ಗ್ರಾಮವಿರುವುದು. ಅಲ್ಲಿಯ ಮರದ ಇಗರ್ಜಿಯು ಆ ದೇಶದಲ್ಲಿ ಉಳಿದುಬಂದಿರುವ 28 ಸ್ತಂಭನಿರ್ಮಿತ ಇಗರ್ಜಿಗಳಲ್ಲಿ ಅತಿ ಪ್ರಾಚೀನವಾದವುಗಳೊಳಗೆ ಒಂದೆಂದು ಪ್ರಸಿದ್ಧವಾಗಿದೆ. ಆದರೆ ಅದರ ಕಾಲವಾವುದೆಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರವೀಯಲಾಗದು.

ಮರದ ಬೆಳವಣಿಗೆಯ ಉಂಗುರಗಳ ಪರೀಕ್ಷೆಯಿಂದ ಈಗಿನ ಕಟ್ಟಡವು ಕ್ರಿ. ಶ. 1130ರ ಸುಮಾರಿನದೆಂದು ತಿಳಿದುಬಂದಿದೆ. ಪೂರ್ವದಲ್ಲಿ ಕಂಬಗಳನ್ನು ನೆಲದಲ್ಲಿಯೇ ಹೂಳುತ್ತಿದ್ದುದರಿಂದ ಅವುಗಳ ಬುಡವು ತೇವಕ್ಕೆ ಸಿಕ್ಕಿ ಕೊಳೆಯುತ್ತಿತ್ತು. ಇಲ್ಲಿ ಕಲ್ಲಿನ ಅಡಿಪಾಯದ ಮೇಲೆ ತೊಲೆಗಳ ಚೌಕಟ್ಟನ್ನಿರಿಸಿ, ಅದರ ಮೇಲೆ ಕಂಬಗಳನ್ನು ನಿಲ್ಲಿಸಲಾಗಿದೆ. ಕಟ್ಟಡವು ಒಂಬತ್ತು ಶತಮಾನಗಳಷ್ಟು ಕಾಲ ಬಾಳಿದುದಕ್ಕೆ ಇದೇ ಮುಖ್ಯ ಕಾರಣ. ಒಳಗಣ ದುಂಡುಕಮಾನುಗಳೂ ಕೆತ್ತನೆಯ ಬೋದಿಗೆಗಳೂ ಯೂರೋಪಿನ ಶಿಲಾಮಂದಿರಗಳ ಅನುಕರಣವೆಂಬುದು ಸ್ಪಷ್ಟ.

ಉತ್ತರದ ಗೋಡೆಯ ದ್ವಾರವಾದರೋ ಬೇರೊಂದು ಲೋಕಕ್ಕೆ ಸೇರಿದುದು. ನೀಳವಾದ ಒಂದು ಚತುಷ್ಪಾದಿ ಮೃಗವು ಸರ್ಪವನ್ನು ಕಚ್ಚಿರುವಂತೆಯೂ, ಸುತ್ತಲೂ ಬಳ್ಳಿಯಂತೆ ತೆಳ್ಳಗಾದ ಸರ್ಪಗಳು ಹೆಣೆದುಕೊಂಡಿರುವಂತೆಯೂ ಅಲ್ಲಿ ಆಳವಾಗಿ ಕೆತ್ತಲಾಗಿದೆ. ಈ ಭಾಗಗಳು 1070ರ ಸುಮಾರಿನ ಹಿಂದಿನ ಇಗರ್ಜಿಯವು. ಈ ಶಿಲ್ಪರೀತಿಗೆ ವಿದ್ವಾಂಸರು ಉರ್ನೆಸ್ ಶೈಲಿಯೆಂದೇ ಹೆಸರಿಟ್ಟಿರುವರು.

ಇದರ ಅರ್ಥವನ್ನು ಕುರಿತು ಮತಭೇದವುಂಟು. ಮೃಗವು ಸಿಂಹವೆಂದೂ, ಕ್ರಿಸ್ತನ ಸಂಕೇತವಾಗಿ ದುಷ್ಟಶಕ್ತಿಯೊಡನೆ ಹೋರಾಡುತ್ತಿದೆಯೆಂದೂ ಕೆಲವರ ಮತ. ಹಳೆಯ ನಾರ್ಡಿಕ್ ಪುರಾಣದ ಪ್ರಳಯಕಥೆಯೆಂದು ಬೇರೆ ಕೆಲವರ ಮತ. ರಾಜ ಓಲಾಫನು 1030ರಲ್ಲಿ ಮಡಿಯುವ ವೇಳೆಗೆ ಕ್ರೈಸ್ತಮತವು ಆ ನಾಡಿನಲ್ಲಿ ಬೇರೂರಿತ್ತು. ಈ ದ್ವಾರವನ್ನು ಮಾಡಿದುದೂ ಇಗರ್ಜಿಗಾಗಿಯೇ. ಆದುದರಿಂದ ರೂಪವು ಹಳೆಯ ಪರಂಪರೆಯದಾದರೂ ಉದ್ದೇಶವು ಹೊಸ ಮತದ್ದೆಂದು ಊಹಿಸುವುದೇ ಯುಕ್ತ. ಶಿಲಾಮಂದಿರಗಳ ಹೊಸ ರೀತಿಯನ್ನು ಬಲ್ಲ ಬಡಗಿಗಳೇ ಹಳೆಯ ಕೆತ್ತನೆಯನ್ನು ಹೊರಗೋಡೆಯಲ್ಲಿ ಕಾಣುವಂತೆ ಉಳಿಸಿಕೊಂಡಿರುವುದರಿಂದ, ಅದರಲ್ಲಿ ಅವರಿಗಿದ್ದ ಗೌರವವೂ ವ್ಯಕ್ತವಾಗುತ್ತದೆ.

ಇಂತಹ ಗೌರವವು ಎಲ್ಲ ಕಾಲದಲ್ಲಿಯೂ ಇರಲಿಲ್ಲ. ಇಗರ್ಜಿಯಲ್ಲಿ ಊರಜನರ ಹತ್ತರಲ್ಲಿ ಮೂರು ಪಾಲಿಗೆ ಸ್ಥಳವಿರಬೇಕೆಂದು 1851ರ ಶಾಸನವು ವಿಧಿಸಲು, ಇಕ್ಕಟ್ಟಾದ ಅನೇಕ ಪ್ರಾಚೀನ ಮಂದಿರಗಳು ಕೆಡವಲ್ಪಟ್ಟವು. ಚಿತ್ರಕಾರ ಡಾಲನು 1837ರಲ್ಲಿಯೇ ಉರ್ನೆಸ್ ಮೊದಲಾದವುಗಳ ಚಿತ್ರಗಳನ್ನು ಪ್ರಕಟಿಸಿ ವಿದ್ವಾಂಸರ ಗಮನವನ್ನು ಸೆಳೆದಿದ್ದನು. 1844ರಲ್ಲಿ ಸ್ಥಾಪಿತವಾದ ಪ್ರಾಚೀನಸ್ಮಾರಕ ಸಂರಕ್ಷಣ ಸಂಘವು 1881ರಲ್ಲಿ ಈ ಮಂದಿರವನ್ನು ತನ್ನ ಸ್ವಾಮ್ಯಕ್ಕೆ ತೆಗೆದುಕೊಂಡಿತು. 1979ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹಳೆಯ ಗ್ರಂಥದೊಳಗೆ ಅದಕ್ಕೂ ಹಳೆಯ ಓಲೆಗಳು ಸೇರಿಕೊಂಡಿದ್ದರೆ ಪ್ರತಿಯೊಂದು ಓಲೆಯ ಕಾಲವನ್ನೂ ಬೇರೆಯಾಗಿ ನಿರ್ಣಯಿಸಬೇಕಾಗುವುದಷ್ಟೆ. ಕಟ್ಟಡಗಳ ವಿಷಯದಲ್ಲಿಯೂ ಈ ನ್ಯಾಯವೇ ಅನ್ವಯಿಸುತ್ತದೆಂಬುದಕ್ಕೆ ಉರ್ನೆಸ್ ಉತ್ತಮ ನಿದರ್ಶನವಾಗಿದೆ.