ಐಸ್ ಹಾಕಿಯಲ್ಲಿ ಸ್ಕೇಟಿಂಗ್ ಮತ್ತು ಗಾಯಗಳ ತಡೆ

ಐಸ್ ಹಾಕಿಯ ಸ್ಕೇಟಿಂಗ್ ಎಂದರೆ ಉಕ್ಕಿನ ಅಲಗುಳ್ಳ ಬೂಟು ತೊಟ್ಟು ಮಂಜುಗಡ್ಡೆಯ ಅಂಕಣದಲ್ಲಿ ಚಲಿಸುವ, ತಿರುಗುವ ಹಾಗೂ ನಿಲ್ಲುವ ಕೌಶಲ. ಆಟದ ಉಳಿದ ಕೌಶಲಗಳೆಲ್ಲವೂ ಇದನ್ನೇ ಆಧರಿಸಿವೆ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ ಅಂಕಣವು 200 ಅಡಿ ಉದ್ದ ಮತ್ತು 85 ಅಡಿ ಅಗಲವಿದ್ದು, ಸುತ್ತಲೂ ಗಟ್ಟಿಯಾದ ಹಲಗೆಗೋಡೆಯನ್ನು ಹೊಂದಿರುತ್ತದೆ. ಇಂತಹ ಆವರಣದಲ್ಲಿ ವೇಗವಾಗಿ ಓಡಬಲ್ಲ, ಆದರೆ ನಿಲ್ಲಲು ಬಾರದ ಆಟಗಾರನು ತನಗೂ ಇತರರಿಗೂ ಅಪಾಯಕಾರಿ.

ಅಲಗು ಮತ್ತು ನಿಲುವು

ಅಲಗಿನ ತಳ ಚಪ್ಪಟೆಯಾಗಿರುವುದಿಲ್ಲ. ಅದರ ಉದ್ದಕ್ಕೂ ಸಣ್ಣ ತೋಡು ಬರುವಂತೆ ಸಾಣೆ ಹಿಡಿಯುವುದರಿಂದ ಒಳ ಅಂಚು, ಹೊರ ಅಂಚು ಎಂಬ ಎರಡು ಅಂಚುಗಳು ಉಂಟಾಗುತ್ತವೆ. ತೋಡು ಆಳವಾದಷ್ಟೂ ಹಿಡಿತ ಹೆಚ್ಚು, ಸರಾಗವಾದ ಜಾರುವಿಕೆ ಕಡಿಮೆ. ಒಂದು ಅಂಚು ಮೊಂಡಾದರೆ ತಿರುವಿನಲ್ಲಿ ಕಾಲು ತಪ್ಪುತ್ತದೆ. ಹೊಸಬರು ಇದನ್ನು ತಮ್ಮದೇ ದೋಷವೆಂದು ಭಾವಿಸುವುದುಂಟು.

ಮಂಡಿ ಚೆನ್ನಾಗಿ ಬಾಗಿರಬೇಕು, ಎದೆ ಮತ್ತು ತಲೆ ಎತ್ತಿರಬೇಕು. ಕಾಲನ್ನು ನೇರ ಹಿಂದಕ್ಕಲ್ಲದೆ ಪಕ್ಕಕ್ಕೆ ಒತ್ತಿ ತಳ್ಳಿ, ಮರಳಿ ದೇಹದ ಕೆಳಗೆ ತರಬೇಕು. ತಿರುವಿನಲ್ಲಿ ಹೊರಗಾಲು ಒಳಗಾಲನ್ನು ದಾಟುವಾಗ ಒಳಗಾಲು ತನ್ನ ಹೊರ ಅಂಚಿನಿಂದ ತಳ್ಳುತ್ತದೆ. ಹಲವರು ಎಡವುವುದು ಇಲ್ಲಿಯೇ. ನಿಲ್ಲಲು ಎರಡೂ ಪಾದಗಳನ್ನು ಚಲನೆಗೆ ಅಡ್ಡಲಾಗಿ ತಿರುಗಿಸಿ ಮಂಜುಗಡ್ಡೆಯನ್ನು ಹೆರೆಯಬೇಕು. ಒಂದೇ ಬದಿಗೆ ನಿಲ್ಲಲು ಕಲಿತವರ ಕಲಿಕೆ ಅರೆಬರೆಯೇ ಸರಿ. ಫಿಗರ್ ಸ್ಕೇಟಿಂಗ್ ಹಿನ್ನೆಲೆಯ ಲಾರಾ ಸ್ಟಾಮ್ 1970ರ ದಶಕದಲ್ಲಿ ವೃತ್ತಿಪರ ಹಾಕಿ ಆಟಗಾರರಿಗೆ ಈ ಅಂಚುಗಳ ಬಳಕೆಯನ್ನು ಕಲಿಸಿ ‘ಪವರ್ ಸ್ಕೇಟಿಂಗ್’ ತರಬೇತಿಯನ್ನು ಜನಪ್ರಿಯಗೊಳಿಸಿದರು.

ತೊಡೆಸಂದಿನ ಸೆಳೆತ

ಪಕ್ಕಕ್ಕೆ ಚಾಚಿದ ಕಾಲನ್ನು ತಡೆದು ಒಳಕ್ಕೆಳೆಯುವ ಕೆಲಸ ಒಳತೊಡೆಯ ಸ್ನಾಯುಗಳದು. ಆದ್ದರಿಂದ ಈ ಆಟದಲ್ಲಿ ಅವುಗಳ ಸೆಳೆತ ಸಾಮಾನ್ಯ. ನ್ಯಾಷನಲ್ ಹಾಕಿ ಲೀಗ್ ಆಟಗಾರರನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಳತೊಡೆಯ ಬಲವು ಹೊರಸೊಂಟದ ಬಲದ ಶೇ. 80ಕ್ಕಿಂತ ಕಡಿಮೆಯಿದ್ದವರಲ್ಲಿ ಸೆಳೆತದ ಸಂಭವ 17 ಪಟ್ಟು ಹೆಚ್ಚಾಗಿತ್ತು. ಮಂಡಿಗಳ ನಡುವೆ ಚೆಂಡನ್ನಿಟ್ಟು ಒತ್ತುವಂತಹ ಸರಳ ವ್ಯಾಯಾಮವನ್ನು ಪಂದ್ಯಗಳ ಋತುವಿಗೆ ಮುನ್ನವೇ ಆರಂಭಿಸುವುದು ಒಳಿತು.

ತಲೆ ಮತ್ತು ಕುತ್ತಿಗೆ

ತಲೆ ತಗ್ಗಿಸಿ ನೆತ್ತಿಯಿಂದ ಹಲಗೆಗೋಡೆಗೆ ಬಡಿದರೆ ಕುತ್ತಿಗೆಯ ಮೂಳೆ ಮುರಿದು ಶಾಶ್ವತ ಪಾರ್ಶ್ವವಾಯು ಉಂಟಾಗಬಹುದು. ಗೋಡೆಗೆ ಅಪ್ಪಳಿಸುವುದು ಅನಿವಾರ್ಯವಾದಾಗ ತಲೆಯೆತ್ತಿ, ತೋಳು ಅಥವಾ ಪಕ್ಕೆಯಿಂದ ಪೆಟ್ಟನ್ನು ಎದುರಿಸಬೇಕು. ಹಿಂದಿನಿಂದ ಡಿಕ್ಕಿ ಹೊಡೆಯುವುದು ದಂಡನಾರ್ಹ ತಪ್ಪು.

1968ರ ಜನವರಿಯಲ್ಲಿ ಹೆಲ್ಮೆಟ್ ಧರಿಸದೆ ಆಡುತ್ತಿದ್ದ ಬಿಲ್ ಮಾಸ್ಟರ್‌ಟನ್ ಮಂಜುಗಡ್ಡೆಗೆ ತಲೆ ಬಡಿದು ಮೃತಪಟ್ಟರು. ಆದರೂ ಲೀಗ್ ಹೊಸ ಆಟಗಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿದ್ದು 1979ರಲ್ಲಿ. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆಯೇ ಹೊರತು ಮಿದುಳಿನ ಆಘಾತವನ್ನು ಪೂರ್ತಿಯಾಗಿ ತಡೆಯಲಾರದು. ಪೆಟ್ಟಿನ ನಂತರ ತಲೆಸುತ್ತು, ವಾಕರಿಕೆ ಅಥವಾ ಗೊಂದಲ ಕಂಡವರು ಅಂದು ಮತ್ತೆ ಆಟಕ್ಕಿಳಿಯಬಾರದು.

1989ರಲ್ಲಿ ಸ್ಕೇಟಿನ ಅಲಗು ತಗುಲಿ ಗೋಲಿ ಕ್ಲಿಂಟ್ ಮಲಾರ್ಚುಕ್ ಅವರ ಕುತ್ತಿಗೆಯ ರಕ್ತನಾಳ ಕತ್ತರಿಸಿತು. ತಕ್ಷಣದ ಚಿಕಿತ್ಸೆಯಿಂದ ಅವರು ಬದುಕುಳಿದರು. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಇಂತಹದೇ ಗಾಯದಿಂದ ಆಡಮ್ ಜಾನ್ಸನ್ ಅಸುನೀಗಿದರು. ಅದೇ ವರ್ಷಾಂತ್ಯದಲ್ಲಿ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟವು ತನ್ನ ಎಲ್ಲ ಹಂತದ ಸ್ಪರ್ಧೆಗಳಲ್ಲಿ ಕುತ್ತಿಗೆ ಕವಚವನ್ನು ಕಡ್ಡಾಯಗೊಳಿಸುವ ನಿರ್ಧಾರವನ್ನು ಪ್ರಕಟಿಸಿತು.